ಇ92 ಎಂ3: ಇಡಿಸಿ ತೆಗೆದು ಮಾಮೂಲಿ ಡ್ಯಾಂಪರ್ ಹಾಕುವ ಮುಂಚೆ ಏನೇನು ನೋಡಬೇಕು?

ಕ್ಯಾಂಬರ್_ಮೈನಸ್2

ಎಲ್ಲರಿಗೂ ನಮಸ್ಕಾರ. ಕಾರು 2009ರ ಬಿಎಂಡಬ್ಲ್ಯು ಎಂ3 ಇ92, ಕಂಪನಿಯ ಇಡಿಸಿ (ಡ್ಯಾಂಪರುಗಳನ್ನು, ಅಂದರೆ ಶಾಕ್ ಅಬ್ಸಾರ್ಬರುಗಳನ್ನು, ಎಲೆಕ್ಟ್ರಾನಿಕ್ಸ್ ಮೂಲಕ ಬಿಗಿ ಸಡಿಲ ಮಾಡುವ ವ್ಯವಸ್ಥೆ) ಇದೆ. ಹಿಂದಿನ ಎಡ ಡ್ಯಾಂಪರಿನಿಂದ ಎಣ್ಣೆ ಸೋರಿ ಕೊಳವೆಯ ಅರ್ಧ ಭಾಗ ಒದ್ದೆಯಾಗಿದೆ. ಮುಂದಿನ ಬಲಗಡೆ ಎಲೆಕ್ಟ್ರಿಕಲ್ ಫಾಲ್ಟ್ ಬರುತ್ತದೆ, ಅಳಿಸಿದರೆ ಹೋಗುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ. ಕಾರಿನ ಬಳಕೆ ಮುಕ್ಕಾಲು ಪಾಲು ರಸ್ತೆ, ಕಾಲು ಪಾಲು ಟ್ರ್ಯಾಕ್. ನಾಲ್ಕೂ ತೆಗೆದು ಎಲೆಕ್ಟ್ರಾನಿಕ್ಸ್ ಇಲ್ಲದ ಡ್ಯಾಂಪರ್ ಹಾಕುವ ಯೋಚನೆ.

ತಿಳಿಯಬೇಕಾದ್ದು ಇಷ್ಟು. ಕನೆಕ್ಟರಿಗೆ ಒಂದೊಂದು ರೆಸಿಸ್ಟರ್ ಸಿಕ್ಕಿಸಿದರೆ ವಾರ್ನಿಂಗ್ ಹೋಗುತ್ತದೆ ಅನ್ನುತ್ತಾರೆ, ನಿಜವೇ? ಹಳೇ ಸ್ಪ್ರಿಂಗ್ ಉಳಿಸಿಕೊಂಡು ಡ್ಯಾಂಪರ್ ಮಾತ್ರ ಬದಲಿಸಬಹುದೇ, ಅಥವಾ ಪೂರ್ತಿ ಕಾಯಿಲೋವರ್ ಕಿಟ್ಟೇ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್, ಡ್ಯಾಂಪರ್ ಜೋಡಿ) ಬೇಕೇ? ಹಿಂದೆ ಸ್ಪ್ರಿಂಗನ್ನೂ ಡ್ಯಾಂಪರ್ ಮೇಲೇ ಕೂರಿಸುವ ಕಿಟ್ ಒಳ್ಳೆಯದೇ? ಕಾರನ್ನು ಎತ್ತಿ ನಿಲ್ಲಿಸಿದ ಮೇಲೆ ಒಂದು ನಟ್ಟಿಗಾಗಿ ಕಾಯುವ ಗತಿ ಬರದಂತೆ ಮೊದಲೇ ಏನೇನು ತರಿಸಿಟ್ಟುಕೊಳ್ಳಬೇಕು?

---

ಮಲ್ಟಿಮೀಟರ್

ವೈರಿನ ಭಾಗ ನಾನು ಹೇಳುತ್ತೇನೆ, ಸ್ಪ್ರಿಂಗಿನದು ಬೇರೆಯವರು ಹೇಳಲಿ.

ಬಂದು ಹೋಗುವ ಫಾಲ್ಟ್ ಅಂದರೆ ಡ್ಯಾಂಪರ್ ಸತ್ತಿದೆ ಅಂತಲೇ ಅಲ್ಲ. ಮುಂದಿನ ಡ್ಯಾಂಪರಿಗೆ ಹೋಗುವ ವೈರು ಚಕ್ರದ ಜೊತೆ ಮೇಲೆ ಕೆಳಗೆ, ಸ್ಟಿಯರಿಂಗ್ ಜೊತೆ ಎಡಕ್ಕೆ ಬಲಕ್ಕೆ ಬಾಗುತ್ತಲೇ ಇರುತ್ತದೆ. ಮೇಲಿನ ಹೊದಿಕೆ ನೆಟ್ಟಗಿದ್ದು ಒಳಗಿನ ತಾಮ್ರ ತುಂಡಾಗಿರುವುದು ತೀರಾ ಸಾಮಾನ್ಯ. ಕನೆಕ್ಟರ್ ಬಿಚ್ಚಿ, ಡ್ಯಾಂಪರ್ ಕಡೆಯ ಎರಡು ಪಿನ್ನುಗಳ ನಡುವೆ ನಾಲ್ಕೂ ಮೂಲೆಯಲ್ಲಿ ಓಮ್ ಅಳೆಯಿರಿ. ಕೆಲವೇ ಓಮ್ ಬರಬೇಕು, ಒಂದೇ ಆಕ್ಸಲಿನ ಎಡ ಬಲ ಹೆಚ್ಚುಕಡಿಮೆ ಸಮ ಇರಬೇಕು. ಮೀಟರಿನ ಎರಡು ಲೀಡ್ ಒಂದಕ್ಕೊಂದು ತಾಗಿಸಿದಾಗ ತೋರುವ ಓಮನ್ನು ಕಳೆದು ಲೆಕ್ಕ ಹಿಡಿಯಿರಿ. ಇಷ್ಟು ಸಣ್ಣ ಅಳತೆಯಲ್ಲಿ ಅದೇ ದಾರಿ ತಪ್ಪಿಸುತ್ತದೆ. ಅಳೆಯುವಾಗ ವೈರನ್ನು ಬಗ್ಗಿಸಿ, ಎಳೆದು ನೋಡಿ. ಸಂಖ್ಯೆ ಹಾರಾಡಿದರೆ ಕಾಯಿಲ್ (ಡ್ಯಾಂಪರಿನ ಎಣ್ಣೆ ವಾಲ್ವನ್ನು ನಡೆಸುವ ತಂತಿಸುರುಳಿ) ಸರಿಯಿದೆ, ವೈರು ಹೋಗಿದೆ. ಕನೆಕ್ಟರ್ ಒಳಗೆ ಹಸಿರು ಕಿಲುಬು ಇದ್ದರಂತೂ ಕಾರಣ ಕಣ್ಣೆದುರಿಗೇ ಇದೆ. ಹಿಂದಿನ ಸೋರಿಕೆ ಮಾತ್ರ ಡ್ಯಾಂಪರಿನದೇ ಕಾಯಿಲೆ, ಅದಕ್ಕೆ ಔಷಧಿ ಇಲ್ಲ.

ಈಗ ರೆಸಿಸ್ಟರ್ ವಿಷಯ. "ಕಾಯಿಲ್ 2.2 ಓಮ್ ಇದೆ, 2.2 ಓಮ್ ರೆಸಿಸ್ಟರ್ ಹಾಕಿದರೆ ಆಯಿತು" ಅನ್ನುವುದು ಅರ್ಧ ಸತ್ಯ, ಸುಡುವುದು ಉಳಿದರ್ಧ. ಕಂಟ್ರೋಲರ್ ಈ ವಾಲ್ವಿಗೆ ಬ್ಯಾಟರಿ ವೋಲ್ಟೇಜನ್ನು ಸೆಕೆಂಡಿಗೆ ನೂರಾರು ಸಲವೋ ಇನ್ನೂ ಹೆಚ್ಚೋ ಆನ್–ಆಫ್ ಮಾಡಿ ಕೊಡುತ್ತದೆ. ಕಾಯಿಲಿಗೆ ಇಂಡಕ್ಟೆನ್ಸ್ ಇರುವುದರಿಂದ ಆಫ್ ಆದ ಕ್ಷಣದಲ್ಲೂ ಕರೆಂಟ್ ಹರಿಯುತ್ತಲೇ ಇದ್ದು ನಯವಾಗಿರುತ್ತದೆ. ಉದಾಹರಣೆಗೆ 2.2 ಓಮ್, 1.8 ಆಂಪ್ ಹಿಡಿದರೆ ಕಾಯಿಲಿನಲ್ಲಿ ಬಿಸಿಯಾಗುವುದು ಸುಮಾರು 7 ವ್ಯಾಟ್. ಅದೇ ಜಾಗದಲ್ಲಿ ಬರೀ ರೆಸಿಸ್ಟರ್ ಇದ್ದರೆ ನಯಗೊಳಿಸುವವರು ಯಾರೂ ಇಲ್ಲ. ಆನ್ ಆದಾಗ 14 ವೋಲ್ಟ್ ಪೂರ್ತಿ ಬಿದ್ದು 6.4 ಆಂಪ್ ಹರಿಯುತ್ತದೆ, ಆಫ್ ಆದಾಗ ಸೊನ್ನೆ. ಸರಾಸರಿ 1.8 ಆಂಪೇ ಬಂದರೂ ಬಿಸಿ ಮಾತ್ರ 14 × 1.8, ಅಂದರೆ 25 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಕ್ಷಣದಲ್ಲಿ ಕರಕಲು. 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಕೂಡ ಪಕ್ಕದ ಪ್ಲಾಸ್ಟಿಕ್ ಲೈನರನ್ನು ಕರಗಿಸುವಷ್ಟು ಕಾಯುತ್ತದೆ. ಅದಕ್ಕಿಂತ ಮೊದಲೇ ಆ 6 ಆಂಪಿನ ಏಟು ನೋಡಿ ಕಂಟ್ರೋಲರ್ ಶಾರ್ಟ್ ಸರ್ಕ್ಯೂಟ್ ಎಂದು ತೀರ್ಮಾನಿಸಿ ಔಟ್‌ಪುಟ್ ಮುಚ್ಚಬಹುದು. ಆಗ ವಾರ್ನಿಂಗ್ ಹೋಗದು, ಹೊಸ ಕೋಡ್ ಸೇರಿಕೊಳ್ಳುತ್ತದೆ.

ಸರಿಯಾದ ದಾರಿ ಎರಡು.

ಮೊದಲನೆಯದು ಡ್ಯಾಂಪರ್ ತಯಾರಕರೇ ಕೊಡುವ ರದ್ದತಿ ಮಾಡ್ಯೂಲ್. ಕೆಡಬ್ಲ್ಯು ಇಂಥವನ್ನು ಮಾಡುತ್ತದೆ, ಕೆಲವು ಕಿಟ್ಟುಗಳ ಜೊತೆಯಲ್ಲೇ ಬರುತ್ತವೆ. ಕಾಯಿಲಿನಂತೆ ನಟಿಸುವ ಸರ್ಕ್ಯೂಟ್ ಅದರೊಳಗೆ ಇರುತ್ತದೆ. ಮೂಲೆಗೊಂದರಂತೆ ನಾಲ್ಕು. ಅವೂ ಬಿಸಿಯಾಗುತ್ತವೆ, ಹಾಗಾಗಿ ಚಕ್ರದ ಕಮಾನಿನ ಒಳಗೆ ಲೋಹಕ್ಕೆ ಒತ್ತಿ ಕಟ್ಟಿ. ಬ್ರೇಕ್ ಡಿಸ್ಕಿನಿಂದ, ಪೂರ್ತಿ ತಿರುಗಿಸಿದ ಟಯರಿನಿಂದ ದೂರವಿರಲಿ. ಕನೆಕ್ಟರಿನ ಬಾಯಿ ಕೆಳಮುಖ ಇರಲಿ, ನೀರು ನಿಲ್ಲಬಾರದು.

ಎರಡನೆಯದು ಕೋಡಿಂಗ್, ಅಂದರೆ ಇಡಿಸಿ ಇಲ್ಲವೆಂದು ಕಾರಿನ ಕಂಪ್ಯೂಟರುಗಳಿಗೇ ಬರೆದುಕೊಡುವುದು. ಇ92ರ ವೆಹಿಕಲ್ ಆರ್ಡರ್ ಪಟ್ಟಿಯಲ್ಲಿ (ಕಾರಿನಲ್ಲಿ ಏನೇನಿದೆ ಎಂಬ ದಾಖಲೆ) ಇಡಿಸಿಯ ಆಪ್ಷನ್ ಸಂಖ್ಯೆ 223. ಆ ಪಟ್ಟಿ ಸಿಎಎಸ್ (ಕೀ, ಸ್ಟಾರ್ಟಿಂಗ್ ನೋಡಿಕೊಳ್ಳುವುದು) ಮತ್ತು ಎಫ್‌ಆರ್‌ಎಂ ಎರಡು ಮಾಡ್ಯೂಲಿನಲ್ಲೂ ಇರುತ್ತದೆ. ಎರಡರಲ್ಲೂ 223 ತೆಗೆದು, ಆಮೇಲೆ ಮೀಟರ್ ಕ್ಲಸ್ಟರ್, ಐಡ್ರೈವ್ ಮುಂತಾಗಿ ಇಡಿಸಿಯನ್ನು ಹುಡುಕುವ ಮಾಡ್ಯೂಲುಗಳನ್ನು ಹೊಸ ಪಟ್ಟಿಯ ಪ್ರಕಾರ ಕೋಡ್ ಮಾಡಬೇಕು. ಕ್ಲಸ್ಟರ್ ಒಂದನ್ನೇ ಕೈಯಿಂದ ತಿದ್ದಿದರೆ ಇವತ್ತಿಗೆ ಲೈಟ್ ಆರುತ್ತದೆ, ಮುಂದೆ ಯಾರಾದರೂ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ದಿನ ಹಳೇ ಪಟ್ಟಿ ಓದಿಕೊಂಡು ಮತ್ತೆ ಹೊತ್ತಿಕೊಳ್ಳುತ್ತದೆ. ಕೋಡಿಂಗ್ ಹೊತ್ತಿನಲ್ಲಿ ಬ್ಯಾಟರಿಗೆ ಸ್ಥಿರ ವೋಲ್ಟೇಜಿನ ಸಪ್ಲೈ ಕಡ್ಡಾಯ. ಎಫ್‌ಆರ್‌ಎಂ ಬರೆಯುತ್ತಿರುವಾಗ ವೋಲ್ಟೇಜ್ ಬಿದ್ದರೆ ಅದೇ ಕೈಕೊಡಬಹುದು, ಹೆಡ್‌ಲೈಟು, ಕಿಟಕಿ ಎಲ್ಲ ಅದರ ಕೈಯಲ್ಲೇ ಇವೆ. ಹಳೇ ಕೋಡಿಂಗಿನ ಪ್ರತಿ ತೆಗೆದಿಟ್ಟು ಶುರು ಮಾಡಿ.

ಕೋಡಿಂಗ್ ಮಾಡದೆ ಇಡಿಸಿಯ ಫ್ಯೂಸ್ ಮಾತ್ರ ಕಿತ್ತರೆ ನೆಟ್‌ವರ್ಕಿನಲ್ಲಿ ಒಂದು ಮಾಡ್ಯೂಲ್ ಮಾಯವಾಗಿದೆ ಎಂದು ಉಳಿದವು ದೂರು ಬರೆಯುತ್ತವೆ. ಅದು ದಾರಿಯಲ್ಲ.

---

ಸ್ಪ್ರಿಂಗ್_ರೇಟ್

ವೈರು ಸುಲಭದ ಭಾಗ. ಕಾರು ಹಾಳಾಗುವುದು ಸ್ಪ್ರಿಂಗಿಗೂ ಡ್ಯಾಂಪರಿಗೂ ಹೊಂದಿಕೆ ಇಲ್ಲದಾಗ.

ಲೆಕ್ಕ ಒಂದು ನೋಡಿ. ಮೂಲೆಯ ಮೇಲೆ ಸ್ಪ್ರಿಂಗ್ ಹೊರುವ ತೂಕ 360 ಕಿಲೋ, ಚಕ್ರದಲ್ಲಿ ಅಳೆದ ಸ್ಪ್ರಿಂಗ್ ಗಡಸುತನ ಮಿಲಿಮೀಟರಿಗೆ 30 ನ್ಯೂಟನ್ ಎನ್ನಿ. ಸಹಜ ಕಂಪನ 1.45 ಹರ್ಟ್ಜ್, ಕ್ರಿಟಿಕಲ್ ಡ್ಯಾಂಪಿಂಗ್ (ಕುಣಿತ ಪೂರ್ತಿ ನಿಲ್ಲಲು ಬೇಕಾದಷ್ಟು) ಸುಮಾರು 6570 ನ್ಯೂಟನ್-ಸೆಕೆಂಡ್ ಪ್ರತಿ ಮೀಟರಿಗೆ. ಡ್ಯಾಂಪರ್ ಅದರ 0.30ರಷ್ಟು ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಈಗ ಸ್ಪ್ರಿಂಗನ್ನು 45ಕ್ಕೆ ಏರಿಸಿ ಅದೇ ಡ್ಯಾಂಪರ್ ಬಿಟ್ಟರೆ ಕಂಪನ 1.78 ಹರ್ಟ್ಜಿಗೆ ಏರುತ್ತದೆ, ಅನುಪಾತ 0.245ಕ್ಕೆ ಇಳಿಯುತ್ತದೆ. ಅಂದರೆ ಕಾರು ಗಟ್ಟಿಯಾಯಿತು, ಕುಣಿತ ಮಾತ್ರ ಜಾಸ್ತಿಯಾಯಿತು. ಲೋವರಿಂಗ್ ಸ್ಪ್ರಿಂಗ್ ಹಾಕಿದ ಎಷ್ಟೋ ಕಾರುಗಳು ಹೆದ್ದಾರಿಯಲ್ಲಿ ಕುದುರೆಯಂತೆ ಕುಪ್ಪಳಿಸುವುದು ಇದಕ್ಕೇ.

ಇಡಿಸಿ ಇಷ್ಟು ದಿನ ಈ ತಪ್ಪನ್ನು ಮುಚ್ಚಿಡುತ್ತಿತ್ತು, ವೇಗಕ್ಕೆ ತಕ್ಕಂತೆ ಅದೇ ಬಿಗಿ ಮಾಡಿಕೊಳ್ಳುತ್ತಿತ್ತು. ಮಾಮೂಲಿ ಡ್ಯಾಂಪರಿಗೆ ಒಂದೇ ಮುಖ. ಹಾಗಾಗಿ ಹಳೇ ಸ್ಪ್ರಿಂಗ್ ಉಳಿಸುವುದಾದರೆ ಹಳೇ ಎತ್ತರಕ್ಕೇ ಮಾಡಿದ ಡ್ಯಾಂಪರ್ ತೆಗೆದುಕೊಳ್ಳಿ. ಬಿಲ್‌ಸ್ಟೈನ್‌ನಲ್ಲಿ ಬಿ6 ಮೂಲ ಎತ್ತರಕ್ಕೆ, ಬಿ8 ಇಳಿಸಿದ ಕಾರಿಗೆ ಅಂತ ಗಿಡ್ಡ ಮೈಯಲ್ಲಿ ಮಾಡಿದ್ದು. ಎರಡನ್ನೂ ಅದಲುಬದಲು ಮಾಡಬೇಡಿ. ಬಿ8ನ್ನು ಮೂಲ ಎತ್ತರದಲ್ಲಿ ಹಾಕಿದರೆ ಚಕ್ರ ಕೆಳಗಿಳಿಯಲು ಜಾಗವೇ ಕಮ್ಮಿ, ಉಬ್ಬು ದಾಟಿದ ಕೂಡಲೇ ರಾಡ್ ಪೂರ್ತಿ ಚಾಚಿ ಟಕ್ ಎನ್ನುತ್ತದೆ.

ಟ್ರ್ಯಾಕ್ ಕೂಡ ಇದೆ ಎಂದಿರಿ, ಹಾಗಾದರೆ ಸ್ಪ್ರಿಂಗ್, ಡ್ಯಾಂಪರ್ ಜೋಡಿಯಾಗಿಯೇ ಬರುವ ಕಿಟ್ ವಾಸಿ. ಕೆಡಬ್ಲ್ಯು ವೇರಿಯಂಟ್ 3ರಲ್ಲಿ ರೀಬೌಂಡ್ (ಡ್ಯಾಂಪರ್ ಚಾಚುವಾಗಿನ ತಡೆ) ಬೇರೆ, ಕಂಪ್ರೆಷನ್ (ಒತ್ತಿಕೊಳ್ಳುವಾಗಿನ ತಡೆ) ಬೇರೆ ತಿರುಗಿಸಬಹುದು. ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್‌ನಲ್ಲಿ ಒಂದೇ ಗುಂಡಿ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ, ಬಿಲ್‌ಸ್ಟೈನ್ ಬಿ16ರ ಹತ್ತು ಹಂತದ ಗುಂಡಿಯೂ ಹಾಗೇ. ಎರಡು ಗುಂಡಿ ಇದ್ದರೆ ಒಳ್ಳೆಯದು ಎಂದು ಕಣ್ಣು ಮುಚ್ಚಿ ನಂಬಬೇಡಿ. ಎರಡು ಗುಂಡಿ ಅಂದರೆ ತಪ್ಪು ಮಾಡಲು ಎರಡು ಅವಕಾಶ. ಹೊಂದಿಸಲು ತಾಳ್ಮೆ ಇಲ್ಲದವರಿಗೆ ಒಂದೇ ಸಾಕು.

ಹಿಂದೆ ಡ್ಯಾಂಪರ್ ಮೇಲೇ ಸ್ಪ್ರಿಂಗ್ ಕೂರಿಸುವುದು ನಿಮ್ಮ ಬಳಕೆಗೆ ಬೇಡ. ಈ ಕಾರಿನಲ್ಲಿ ಹಿಂದಿನ ಸ್ಪ್ರಿಂಗ್ ಬೇರೆ, ಡ್ಯಾಂಪರ್ ಬೇರೆ. ಡ್ಯಾಂಪರಿನ ಮೇಲಿನ ಮೌಂಟು, ಅದನ್ನು ಹಿಡಿದ ಬಾಡಿಯ ತಗಡು ಹೊರುತ್ತಿದ್ದುದು ಡ್ಯಾಂಪಿಂಗ್ ಬಲವನ್ನು ಮಾತ್ರ. ಮೂಲೆಗೆ 350 ಕಿಲೋ ಇದ್ದು ಡ್ಯಾಂಪರ್ ಚಕ್ರದ ಚಲನೆಯ 0.9ರಷ್ಟು ಚಲಿಸುತ್ತದೆ ಎಂದರೂ, ಕಾರು ಸುಮ್ಮನೆ ನಿಂತಾಗಲೇ ಆ ಮೌಂಟಿನ ಮೇಲೆ 3800 ನ್ಯೂಟನ್ ಬಿತ್ತು. ಗುಂಡಿಗೆ ಇಳಿದಾಗ ಅದರ ಎರಡು ಮೂರು ಪಟ್ಟು. ಹಾಗೆ ಮಾಡುವುದಾದರೆ ಮೇಲಿನ ಜಾಗಕ್ಕೆ ಬಲವರ್ಧನೆಯ ತಟ್ಟೆ, ಕೆಳಗೆ ಗಟ್ಟಿ ಬೋಲ್ಟು, ರಬ್ಬರ್ ಬದಲು ಗೋಳದ ಜಾಯಿಂಟು ಎಲ್ಲ ಸೇರಿದ ಕಿಟ್ಟೇ ಇರಬೇಕು. ಇನ್ನೊಂದು ವಿಷಯ, ಎರಡು ಬಗೆಯ ಕಿಟ್ಟಿನ ಸ್ಪ್ರಿಂಗ್ ಸಂಖ್ಯೆಗಳನ್ನು ನೇರ ಹೋಲಿಸಬೇಡಿ. ಬೇರೆ ಕೂತ ಸ್ಪ್ರಿಂಗ್ ಚಕ್ರದ ಚಲನೆಯ 0.6 ಅನುಪಾತದಲ್ಲಿ ಚಲಿಸಿದರೆ ಮಿಲಿಮೀಟರಿಗೆ 100 ನ್ಯೂಟನ್ನಿನ ಸ್ಪ್ರಿಂಗ್ ಚಕ್ರದಲ್ಲಿ 36 ಆಗುತ್ತದೆ, ಯಾಕೆಂದರೆ ಅನುಪಾತದ ವರ್ಗದಿಂದ ಗುಣಿಸಬೇಕು. ಅದೇ 36 ಬೇಕೆಂದರೆ ಡ್ಯಾಂಪರ್ ಮೇಲೆ 44 ಸಾಕು. 100 ತೆಗೆದು 100 ಹಾಕಿದರೆ ಹಿಂಭಾಗ ಕಲ್ಲು.

---

ಕಂಫರ್ಟ್_ಬಟನ್

ಸ್ವಲ್ಪ ಅಡ್ಡ ಮಾತು. ಮುಕ್ಕಾಲು ಪಾಲು ರಸ್ತೆ ಎಂದ ಮೇಲೆ ಎಲೆಕ್ಟ್ರಾನಿಕ್ಸ್ ಕಿತ್ತುಹಾಕುವ ಅವಸರ ಯಾಕೆ? ಕಾರಿನ ಕನೆಕ್ಟರಿಗೇ ಸಿಕ್ಕಿಕೊಳ್ಳುವ ಹೊರಗಿನ ಡ್ಯಾಂಪರುಗಳೂ ಇವೆ, ಬಿಲ್‌ಸ್ಟೈನ್‌ನ ಡ್ಯಾಂಪ್‌ಟ್ರಾನಿಕ್, ಕೆಡಬ್ಲ್ಯುನ ಡಿಡಿಸಿ ಆ ಸಾಲಿನವು. ನಿಮ್ಮ ಚಾಸಿಗೆ ಪಟ್ಟಿಯಲ್ಲಿ ಇವೆಯೇ ಎಂದು ಪಾರ್ಟ್ ನಂಬರ್ ಸಮೇತ ನೋಡಿ. ಕಾರಿನೊಳಗಿನ ಇಡಿಸಿ ಗುಂಡಿ ಕೆಲಸ ಮಾಡುತ್ತದೆ, ಕೋಡಿಂಗ್ ಬೇಡ, ಮಾಡ್ಯೂಲ್ ಬೇಡ. ಮಲ್ಟಿಮೀಟರ್ ಹೇಳಿದ ವೈರಿನ ಪರೀಕ್ಷೆ ಮಾತ್ರ ಆಗಲೂ ಬೇಕು, ತುಂಡಾದ ವೈರಿಗೆ ಹೊಸ ಡ್ಯಾಂಪರ್ ಸಿಕ್ಕಿಸಿದರೆ ಅದೇ ಫಾಲ್ಟ್.

---

ಸ್ಪ್ರಿಂಗ್_ರೇಟ್

ಒಪ್ಪಿದೆ, ರಸ್ತೆಯೇ ಹೆಚ್ಚಾದರೆ ಅದು ಒಳ್ಳೆಯ ದಾರಿ. ಒಂದೇ ತಕರಾರು: ಕಂಟ್ರೋಲರಿನ ಲೆಕ್ಕಾಚಾರ ಮೂಲ ತೂಕ, ಮೂಲ ಸ್ಪ್ರಿಂಗಿಗೆ ಬರೆದದ್ದು. ಸ್ಪ್ರಿಂಗ್ ಬಹಳ ಗಡಸಾದರೆ ಆ ಲೆಕ್ಕ ಅಷ್ಟು ಹೊಂದುವುದಿಲ್ಲ.

---

ಕ್ಯಾಂಬರ್_ಮೈನಸ್2

ಅಳೆದೆ. ಮುಂದಿನ ಬಲಗಡೆ ವೈರು ಅಲುಗಿಸಿದರೂ ಸಂಖ್ಯೆ ಕದಲುತ್ತಿಲ್ಲ, ಆದರೆ ಎಡಗಡೆಯದಕ್ಕಿಂತ ಮೂರು ಪಟ್ಟು ಹೆಚ್ಚು. ಅಲ್ಲಿಗೆ ಎರಡು ಡ್ಯಾಂಪರ್ ಹೋದಂತೆ. ಹಿಂದೆ ಸ್ಪ್ರಿಂಗ್ ಬೇರೆಯೇ ಇರುವ ಮಾಮೂಲಿ ಕಿಟ್ ಹಾಕಿ ಕೋಡಿಂಗ್ ಮಾಡಿಸುವುದು ಎಂದಾಯಿತು. ಜೋಡಿಸುವಾಗ ಎಲ್ಲಿ ಎಡವುತ್ತಾರೆ ಹೇಳಿ.

---

ಟಾರ್ಕ್_ವ್ರೆಂಚ್

ಮೊದಲು ಪಟ್ಟಿ. ಟಾಪ್ ಮೌಂಟ್ (ಡ್ಯಾಂಪರಿನ ತಲೆಯನ್ನು ಬಾಡಿಗೆ ಹಿಡಿಯುವುದು) ನಾಲ್ಕೂ ಹೊಸದು. ಇಡಿಸಿ ಇರುವ ಕಾರಿನದೂ ಇಲ್ಲದ ಕಾರಿನದೂ ಪಾರ್ಟ್ ನಂಬರ್ ಒಂದೇ ಇದೆಯೇ ನೋಡಿ, ಕಿಟ್ ತಯಾರಕರು ಯಾವುದನ್ನು ಕೇಳುತ್ತಾರೋ ಅದನ್ನೇ ತನ್ನಿ. ರಾಡಿನ ದಪ್ಪ, ವಾಷರಿನ ತೂತು ಬೇರೆಯಾದರೆ ಒಳಗೆ ಅರ್ಧ ಮಿಲಿಮೀಟರ್ ಆಟ ಬಂದು ಟಕ್ ಟಕ್ ಶುರು. ಬಂಪ್ ಸ್ಟಾಪ್ (ಚಲನೆಯ ಕೊನೆಯಲ್ಲಿ ತಡೆಯುವ ಮೆತ್ತೆ), ಧೂಳಿನ ಹೊದಿಕೆ ಕಿಟ್ಟಿನಲ್ಲಿ ಇಲ್ಲದಿದ್ದರೆ ಬೇರೆ ತರಿಸಿ. ಲಾಕ್ ನಟ್, ಮುಂದಿನ ನಕಲಿನ (knuckle, ಚಕ್ರದ ಹಬ್ ಹೊರುವ ಲೋಹದ ಭಾಗ) ಕ್ಲ್ಯಾಂಪ್ ಬೋಲ್ಟ್, ಆಂಟಿರೋಲ್ ಬಾರ್ ಲಿಂಕಿನ ನಟ್ ಎಲ್ಲ ಹೊಸದೇ ಆಗಲಿ. ಮಧ್ಯೆ ತೂತಿರುವ ಸಾಕೆಟ್ ಸೆಟ್ ಬೇಕು, ರಾಡಿನ ತುದಿಯನ್ನು ಅಲೆನ್ ಕೀಯಿಂದ ಹಿಡಿದು ನಟ್ ತಿರುಗಿಸಲು. ಏರ್ ಗನ್ ಹಚ್ಚಿದರೆ ರಾಡ್ ಗಿರಗಿರ ಸುತ್ತಿ ಹೊಸ ಡ್ಯಾಂಪರಿನ ಸೀಲ್ ಮೊದಲ ದಿನವೇ ಗಾಯ. ರಾಡಿನ ಹೊಳಪು ಮೈಯನ್ನು ಇಕ್ಕುಳದಲ್ಲಿ ಹಿಡಿದವರಿಗೆ ಕ್ಷಮೆಯೇ ಇಲ್ಲ.

ಬಿಚ್ಚುವ ಮುನ್ನ ಚಕ್ರದ ಮಧ್ಯದಿಂದ ಫೆಂಡರಿನ ಅಂಚಿಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆದರೆ ಟಯರ್ ಸವೆತ, ಗಾಳಿ ಎಲ್ಲ ಸೇರಿ ಲೆಕ್ಕ ಕೆಡುತ್ತದೆ.

ಮುಂದೆ: ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್ ವೈರು, ಹೆಡ್‌ಲೈಟ್ ಎತ್ತರದ ಸೆನ್ಸರಿನ ಕಡ್ಡಿ, ಬಾರ್ ಲಿಂಕು, ಇಷ್ಟನ್ನು ಮೊದಲು ಬಿಡಿಸಿ. ನಕಲ್ ಕೆಳಗೆ ಜಾರಿದಾಗ ಹೋಸ್ ಮೇಲೆ ತೂಗುಬೀಳಬಾರದು, ಜಾಕ್ ಕೊಟ್ಟಿರಿ. ಸ್ಟ್ರಟ್ಟು (ಮುಂದಿನ ಡ್ಯಾಂಪರ್, ಸ್ಪ್ರಿಂಗ್ ಸೇರಿದ ಕಂಬ) ನಕಲಿನ ಕ್ಲ್ಯಾಂಪಿನಲ್ಲಿ ಕೂತಿರುತ್ತದೆ. ಸೀಳನ್ನು ಅಗಲಿಸುವ ಉಪಕರಣದಿಂದ ಬೇಕಾದಷ್ಟೇ ಅಗಲಿಸಿ, ಉಳಿ ಹೊಡೆಯಬೇಡಿ, ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಹೊಸದನ್ನು ಕೂರಿಸುವಾಗ ಮೈಮೇಲಿನ ನಾಲಿಗೆ ಸೀಳಿಗೆ ಸರಿಯಾಗಿ ಬಂದು, ತಳ ಮುಟ್ಟುವವರೆಗೆ ಹೋಗಬೇಕು. ಒಂದು ಕಡೆ ಐದು ಮಿಲಿಮೀಟರ್ ಮೇಲೆ ನಿಂತರೆ ಆ ಕಡೆಯ ಎತ್ತರವೂ ಹೆಚ್ಚು, ಕ್ಲ್ಯಾಂಪಿನ ಹಿಡಿತವೂ ಕಮ್ಮಿ. ಹಳೇ ಸ್ಪ್ರಿಂಗ್ ಬಿಚ್ಚುವುದಿದ್ದರೆ ಕಂಪ್ರೆಸರ್ ಎರಡೂ ಕಡೆ ಸಮ ಹಿಡಿದಿದೆಯೇ ಎರಡು ಸಲ ನೋಡಿ, ಸ್ಪ್ರಿಂಗಿನ ನೇರಕ್ಕೆ ಮುಖ ಇಟ್ಟು ನಿಲ್ಲಬೇಡಿ.

ಹೆಚ್ಚು ಜನ ಎಡವುವುದು ಹಿಂದೆ. ಕಾರು ಸ್ಟ್ಯಾಂಡಿನ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ಕಾರು ಇಳಿದಾಗ ಬುಷ್ ತಿರುಚಿಕೊಂಡು ನಿಲ್ಲುತ್ತದೆ, ಎತ್ತರ ಸುಳ್ಳು ತೋರಿಸುತ್ತದೆ, ಕೆಲವು ತಿಂಗಳಲ್ಲಿ ರಬ್ಬರ್ ಹರಿಯುತ್ತದೆ. ಬೋಲ್ಟ್ ಕೈಬಿಗಿ ಮಾಡಿ, ಬರೆದಿಟ್ಟ ಅಳತೆಗೆ ಬರುವಂತೆ ನಕಲನ್ನು ಜಾಕಿನಿಂದ ಎತ್ತಿ, ಆಗ ರಿಪೇರಿ ಪುಸ್ತಕದ ಟಾರ್ಕಿಗೆ ಬಿಗಿಯಿರಿ.

ಮೋನೋಟ್ಯೂಬ್ (ಒಂದೇ ಕೊಳವೆಯಲ್ಲಿ ಎಣ್ಣೆ, ಒತ್ತಡದ ಗ್ಯಾಸ್ ಇರುವ) ಡ್ಯಾಂಪರ್ ಆದರೆ ಕಾರು ಅಂದುಕೊಂಡದ್ದಕ್ಕಿಂತ ಎತ್ತರ ನಿಂತಿದೆ ಎಂದು ಗಾಬರಿ ಬೇಡ. 14 ಮಿಲಿಮೀಟರ್ ರಾಡ್, 20 ಬಾರ್ ಗ್ಯಾಸ್ ಇದ್ದರೆ ರಾಡನ್ನು ಹೊರದೂಡುವ ಬಲವೇ 300 ನ್ಯೂಟನ್ ಮೇಲೆ. ಚಕ್ರದಲ್ಲಿ 30ರ ಸ್ಪ್ರಿಂಗ್ ಇದ್ದರೆ ಅದೊಂದೇ ಸುಮಾರು 10 ಮಿಲಿಮೀಟರ್ ಎತ್ತುತ್ತದೆ. ಸ್ವಲ್ಪ ಓಡಿಸಿ ಎಲ್ಲ ಕೂತ ಮೇಲೆ ಮತ್ತೆ ಅಳೆದು ಎತ್ತರ ತಿದ್ದಿ. ಆಮೇಲೆ ಅಲೈನ್‌ಮೆಂಟ್, ಸ್ಟಿಯರಿಂಗ್ ಕೋನದ ಸೊನ್ನೆ, ಹೆಡ್‌ಲೈಟ್ ಎತ್ತರದ ಸೊನ್ನೆ, ಇದೇ ಕ್ರಮದಲ್ಲಿ. ಅಲೈನ್‌ಮೆಂಟ್ ಮಾಡಿಸಿ ಎತ್ತರ ಬದಲಿಸಿದರೆ ಮಾಡಿಸಿದ್ದು ನೀರಿನಲ್ಲಿ ಹೋಮ.

ರಾಡಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಸುತ್ತಿಡಿ. ಓಡಿಸಿ ಬಂದ ಮೇಲೆ ಅದು ಎಲ್ಲಿಗೆ ಜರುಗಿದೆ ನೋಡಿದರೆ ಎಷ್ಟು ಚಲನೆ ಬಳಕೆಯಾಯಿತು ಗೊತ್ತಾಗುತ್ತದೆ. ಪ್ರತಿ ಸಲ ಬಂಪ್ ಸ್ಟಾಪಿಗೆ ಪೂರ್ತಿ ಒತ್ತಿ ನಿಂತಿದ್ದರೆ ಕಾರನ್ನು ಅತಿ ಕೆಳಗೆ ಇಳಿಸಿದ್ದೀರಿ. ಅದನ್ನು ಗುಂಡಿ ತಿರುಗಿಸಿ ಸರಿಪಡಿಸಲು ಆಗದು.

---

ಸ್ಪ್ರಿಂಗ್_ರೇಟ್

ಗುಂಡಿಯ ಬಗ್ಗೆ ಎರಡು ಮಾತು. ಕಿಟ್ ತಯಾರಕರು ಹೇಳಿದ ಕ್ಲಿಕ್ಕಿನಿಂದ ಶುರು ಮಾಡಿ, ಎಣಿಕೆಯನ್ನು ಪೂರ್ತಿ ಮುಚ್ಚಿದ ಸ್ಥಾನದಿಂದಲೇ ಹಿಡಿಯಿರಿ, ಮುಚ್ಚುವಾಗ ಬಲ ಹಾಕಬೇಡಿ, ಸೂಜಿ ವಾಲ್ವ್ ಕೆಡುತ್ತದೆ. ಒಂದೇ ರಸ್ತೆ, ಒಂದೇ ವೇಗ, ಒಂದು ಸಲಕ್ಕೆ ಒಂದು ಆಕ್ಸಲ್, ಎರಡು ಕ್ಲಿಕ್. ಸಾಲು ಉಬ್ಬುಗಳ ಮೇಲೆ ಕಾರು ಮೊದಲನೆಯದರಲ್ಲಿ ಚೆನ್ನಾಗಿದ್ದು ನಾಲ್ಕನೆಯದರ ಹೊತ್ತಿಗೆ ಕಲ್ಲಾದರೆ ರೀಬೌಂಡ್ ಅತಿ: ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದು ಕಾರು ತಗ್ಗುತ್ತಾ ಹೋಗುತ್ತದೆ. ಉಬ್ಬು ದಾಟಿ ಇನ್ನೂ ಒಂದೂವರೆ ಸಲ ತೂಗಿದರೆ ರೀಬೌಂಡ್ ಕಮ್ಮಿ. ರಸ್ತೆಯ ಸಣ್ಣ ಸಣ್ಣ ಅಂಚೆಲ್ಲ ಸೀಟಿಗೆ ಬಡಿದರೆ ಕಂಪ್ರೆಷನ್ ಬಿಡಿ. ಹೆಚ್ಚಿನವರು ಬಿಗಿ ಮಾಡಿದಷ್ಟೂ ವೇಗ ಎಂದುಕೊಳ್ಳುತ್ತಾರೆ, ಒರಟು ರಸ್ತೆಯಲ್ಲಿ ನಿಜವಾದ ಹಿಡಿತ ಸಿಗುವುದು ಎರಡು ಕ್ಲಿಕ್ ಸಡಿಲಿಸಿದಾಗ.

---

ಫೈಬರ್_ಮೈ

ಇದೇ ದಾರಿ ಕಾರ್ವೆಟ್ ಸಿ6ಗೂ ಆಗುತ್ತದೆಯೇ? ಅದರಲ್ಲಿರುವುದು ಮ್ಯಾಗ್ನೆಟಿಕ್ ರೈಡ್.

---

ಮಲ್ಟಿಮೀಟರ್

ತತ್ವ ಬೇರೆ. ಅಲ್ಲಿ ವಾಲ್ವ್ ಇಲ್ಲ, ಎಣ್ಣೆಯಲ್ಲೇ ಕಬ್ಬಿಣದ ಸಣ್ಣ ಕಣಗಳಿವೆ, ಪಿಸ್ಟನ್ನಿನ ಕಾಯಿಲಿಗೆ ಕರೆಂಟ್ ಕೊಟ್ಟಾಗ ಎಣ್ಣೆ ಗಟ್ಟಿಯಾದಂತೆ ವರ್ತಿಸುತ್ತದೆ. ಡೆಲ್ಫಿಯವರು ಮಾಡಿದ್ದು, 2002ರ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ ಮೊದಲು ಬಂತು. ಕರೆಂಟ್ ನಿಂತರೆ ಡ್ಯಾಂಪರ್ ಮೆತ್ತಗಾಗುತ್ತದೆ, ಅದಕ್ಕೇ ಫಾಲ್ಟ್ ಬಂದ ಕಾರು ದೋಣಿಯಂತೆ ತೇಲುತ್ತದೆ. ರೆಸಿಸ್ಟರ್ ಬಗ್ಗೆ ಹೇಳಿದ ಬಿಸಿಯ ಲೆಕ್ಕ ಅಲ್ಲೂ ಅನ್ವಯ, ಆ ಕಾರಿಗೇ ಮಾಡಿದ ಮಾಡ್ಯೂಲ್ ಬೇಕು.

---

ಸ್ಪ್ರಿಂಗ್_ರೇಟ್

ಅದಕ್ಕಿಂತ ದೊಡ್ಡ ವ್ಯತ್ಯಾಸ ಸ್ಪ್ರಿಂಗಿನದು. ಸಿ6ರಲ್ಲಿ ಕಾಯಿಲ್ ಸ್ಪ್ರಿಂಗೇ ಇಲ್ಲ, ಮುಂದೆ ಹಿಂದೆ ಎರಡೂ ಕಡೆ ಅಡ್ಡ ಹಾಕಿದ ಫೈಬರ್ ಲೀಫ್. ಕಾಯಿಲೋವರ್ ಹಾಕಿ ಲೀಫ್ ತೆಗೆದರೆ ಪೂರ್ತಿ ತೂಕ ಡ್ಯಾಂಪರಿನ ಮೌಂಟಿಗೆ ಬೀಳುತ್ತದೆ, ಮೇಲೆ ಇ92ರ ಹಿಂಭಾಗಕ್ಕೆ ಹೇಳಿದ್ದು ಇಲ್ಲಿ ನಾಲ್ಕೂ ಮೂಲೆಗೆ ಲಾಗು. ಲೀಫ್ ಉಳಿಸಿಕೊಂಡು ಡ್ಯಾಂಪರ್ ಮಾತ್ರ ಬದಲಿಸುವುದಾದರೆ ಆ ತಲೆನೋವಿಲ್ಲ.